ಕೊನೆಯ ಕೋಟೆ ಮತ್ತು ಏಳು ಗಂಟೆಯ ಜಪಸರ

ನಮ್ಮ ಮನೆಯಲ್ಲಿ ಯಾವ ಸಣ್ಣ ವಿಷಯವೂ ಸಣ್ಣದಾಗಿ ಮುಗಿಯುವುದಿಲ್ಲ. ಕುಕ್ಕರಿನ ವಾಶರ್ ಬದಲಾಯಿಸುವುದಕ್ಕೂ ನಮ್ಮಲ್ಲಿ ಎರಡು ಪಕ್ಷಗಳಾಗುತ್ತವೆ. ಹಾಗಿರುವಾಗ ಜೆಪ್ಪುವಿನ ನಮ್ಮ ಮನೆಯ ಅಟ್ಟದಿಂದ ಹಳೆಯ ವಿಡಿಯೋ ಗೇಮ್ ಒಂದು ಕೆಳಗಿಳಿದರೆ ಅದು ಸುಮ್ಮನೆ ಹೋದೀತೇ?

೧. ಹಳೆಯ ಜಗಳ

ಅದನ್ನು ಇಳಿಸಿದವಳು ನನ್ನ ನಾದಿನಿ. ಕುವೈತಿನಲ್ಲಿ ನರ್ಸ್, ರಜೆಗೆ ಬಂದಿದ್ದಳು. ಪುಟ್ಟ ಮನುಷ್ಯನೊಬ್ಬ ಹೊಂಡ ಹಾರಿ, ಗೋಡೆ ಹತ್ತಿ, ಕೋಟೆಯಿಂದ ಕೋಟೆಗೆ ಓಡುವ ಆಟ. ಚಿಕ್ಕಂದಿನಲ್ಲಿ ಅಣ್ಣ ತಂಗಿ ಇದರ ಮುಂದೆಯೇ ಬೆಳೆದವರು. ಕೊನೆಯ ಕೋಟೆಯನ್ನು ತಾನು ಒಮ್ಮೆ ದಾಟಿದ್ದೇನೆ ಎಂದು ನನ್ನ ಗಂಡ ಮದುವೆಗೆ ಮುಂಚೆ ನನ್ನ ಬಳಿಯೂ ಕೊಚ್ಚಿಕೊಂಡಿದ್ದರು. ಆ ದಿನ ತಂಗಿ ಮನೆಯಲ್ಲಿರಲಿಲ್ಲವಂತೆ. ಅವಳು ಇವತ್ತಿಗೂ ನಂಬಿಲ್ಲ.

“ನಾನು ವಿಮಾನ ಹತ್ತುವ ಮೊದಲು ನನ್ನೆದುರು ದಾಟಿ ತೋರಿಸು. ಆಗದಿದ್ರೆ ಸುಳ್ಳು ಹೇಳಿದ್ದು ಅಂತ ಎಲ್ಲರೆದುರು ಒಪ್ಪಿಕೊ” ಎಂದಳು.

ಗಂಡ ಮೀಸೆ ತಿರುವಿ ಒಪ್ಪಿದರು. ಕ್ಯಾಸೆಟ್ಟಿನ ಬಾಯಿಗೆ ಉಫ್ ಎಂದು ಊದಿ ಆಟದ ಪೆಟ್ಟಿಗೆಗೆ ಸಿಕ್ಕಿಸಿದರೆ ಟಿವಿಯಲ್ಲಿ ಬರೀ ಗೆರೆ. ಮತ್ತೆ ಊದಿದರು, ಮತ್ತೆ ಗೆರೆ. ಕೊನೆಗೆ ಅತ್ತೆ ಅಡುಗೆಮನೆಯಿಂದ ಬಂದು, ಪೆಟ್ಟಿಗೆಯ ಮೇಲೆ ಬೆರಳಿನಿಂದ ಶಿಲುಬೆಯ ಗುರುತು ಹಾಕಿ ಹೋದರು. ಚಿತ್ರ ಬಂತು.

“ಊದುವುದಕ್ಕೂ ಒಂದು ಕ್ರಮ ಉಂಟು” ಎಂದರು ನನ್ನ ಗಂಡ.

೨. ಹೊಂಡ

ಈ ಆಟದಲ್ಲಿ ಆಡಿದ್ದು ಉಳಿಯುವುದಿಲ್ಲ. ಕರೆಂಟು ಹೋದರೆ ಪುನಃ ಮೊದಲಿನಿಂದ. ಅದರ ಮೇಲೆ ನನ್ನ ಗಂಡ ಪರದೆಯ ಮನುಷ್ಯನ ಜೊತೆ ತಾವೂ ಹಾರುವವರು. ಹಾರಿದಾಗಲೆಲ್ಲ ವಯರು ಎಳೆದು ಪೆಟ್ಟಿಗೆ ಕೆಳಗೆ ಬೀಳುತ್ತಿತ್ತು. ಆದ್ದರಿಂದ ಅದನ್ನು ಮಡಿಲಲ್ಲಿ ಹಿಡಿದು ಅಲ್ಲಾಡದೆ ಕೂರುವ ಕೆಲಸ ನನಗೆ ಬಂತು. ನನಗೆ ಸಿಟ್ಟು ಬರುತ್ತಿತ್ತು, ಆದರೆ ಎದ್ದು ಹೋಗಲು ಮನಸ್ಸೂ ಬರುತ್ತಿರಲಿಲ್ಲ. ಬಿದ್ದರೆ ನಮ್ಮದೇ ತಪ್ಪು, ಇನ್ನೊಮ್ಮೆ ಹೋದರೆ ದಾಟಬಹುದು ಎಂಬ ಆಸೆ ಹಚ್ಚುವ ಆಟ ಅದು.

ಒಂದು ಬೆಳಿಗ್ಗೆ ಮೀನಿನ ಹೆಂಗಸು ಗೇಟಿನಲ್ಲಿ ಕರೆದು ಕರೆದು ಸುಸ್ತಾಗಿ ಒಳಗೇ ಬಂದಳು. ಬಂಗುಡೆ ಬುಟ್ಟಿ ಇಳಿಸಿ ಬಾಗಿಲಲ್ಲೇ ನಿಂತು ನೋಡಿದಳು. ಪುಟ್ಟ ಮನುಷ್ಯ ಒಂದೇ ಹೊಂಡಕ್ಕೆ ಮೂರನೇ ಸಲ ಬಿದ್ದ. ಅವಳಿಗೆ ತಡೆಯಲಾಗಲಿಲ್ಲ.

“ಎಂತ ಸಾರ್, ಅಲ್ಲಿ ಹೊಂಡ ಉಂಟು ಅಂತ ಗೊತ್ತುಂಟಲ್ಲ? ಕಂಕನಾಡಿ ರಸ್ತೆಯಲ್ಲಿ ನಾವು ಬದಿಯಿಂದ ಹೋಗುದಿಲ್ವಾ?”

೩. ಗಾಳಿಯಲ್ಲಿ ನಿಂತವ

ನಾದಿನಿ ಹೊರಡುವ ಮುನ್ನಾದಿನ ಸಂಜೆ ಗಂಡ ಕೊನೆಯ ಕೋಟೆಯೊಳಗೆ ಹೋಗಿದ್ದರು. ಅಷ್ಟು ದೂರ ಹೋದದ್ದು ಅದೇ ಮೊದಲು, ಕನಿಷ್ಠ ನಮ್ಮ ಕಣ್ಣೆದುರು. ಉಳಿದದ್ದು ಒಂದೇ ಜೀವ. ಬೆಂಕಿಯ ಹೊಂಡದ ಆಚೆ ಬಾಗಿಲು ಕಾಣುತ್ತಿತ್ತು. ಅವರು ಹಾರಿದರು. ಅಷ್ಟರಲ್ಲಿ ಗಡಿಯಾರ ಏಳು ಹೊಡೆಯಿತು.

ಏಳಕ್ಕೆ ನಮ್ಮಲ್ಲಿ ಜಪಸರದ ಪ್ರಾರ್ಥನೆ. ಆ ಹೊತ್ತಿನಲ್ಲಿ ಅತ್ತೆಯ ಎದುರು ಯಾರ ಮಾತೂ ನಡೆಯುವುದಿಲ್ಲ. ಗಂಡ ಆಟವನ್ನು ಹಾಗೆಯೇ ನಿಲ್ಲಿಸಿದರು. ಬೆಂಕಿಯ ಮೇಲೆ, ಗಾಳಿಯಲ್ಲಿ, ಒಂದು ಕಾಲು ಮುಂದೆ ಮಾಡಿ ಆ ಬಡಪಾಯಿ ನಿಂತ. ಪಕ್ಕದಲ್ಲೇ ದೇವರ ಪೀಠ. ನಾವೆಲ್ಲ ಮೊಣಕಾಲೂರಿದೆವು, ನಾನು ಪೆಟ್ಟಿಗೆ ಸಮೇತ.

ಹೊರಗೆ ಗುಡುಗು. ಬಲ್ಬು ಒಮ್ಮೆ ಮಂಕಾಗಿ ಮತ್ತೆ ಬೆಳಗಿತು. ನನ್ನ ಜೀವ ಬಾಯಿಗೆ ಬಂತು. ಗಂಡ ‘ನಮೋ ಮರಿಯಾ’ವನ್ನು ಎಕ್ಸ್‌ಪ್ರೆಸ್ ಬಸ್ಸಿನಂತೆ ಓಡಿಸತೊಡಗಿದರು. ಅತ್ತೆ ಸಮಾಧಾನವಾಗಿ ತೀರಿಹೋದ ಸಂಬಂಧಿಕರಿಗೆಲ್ಲ ಒಬ್ಬೊಬ್ಬರಿಗೆ ಒಂದೊಂದು ಪ್ರಾರ್ಥನೆ ಸೇರಿಸುತ್ತಾ ಹೋದರು. ಕೊನೆಗೆ ಮುಗಿಯಿತು ಎಂದು ಗಂಡ ಎದ್ದರೆ, ಅತ್ತೆ ಕೈ ತೋರಿಸಿ ಕೂರಿಸಿದರು.

“ಇನ್ನು ಒಂದು, ಅಲ್ಲಿ ಟಿವಿಯಲ್ಲಿ ನೇತಾಡ್ತಾ ಇರುವವನಿಗೆ.”

೪. ಹಾರಿದ್ದು

ಪ್ರಾರ್ಥನೆ ಮುಗಿದ ಮೇಲೂ ಅತ್ತೆ ಸರ ಕೆಳಗಿಡಲಿಲ್ಲ. ನಾದಿನಿ ಸಾಕ್ಷಿ ಹೇಳುವವಳಂತೆ ಟಿವಿಯ ಹತ್ತಿರವೇ ಕುಳಿತಳು. ಗಂಡ ತಾವೂ ಶಿಲುಬೆಯ ಗುರುತು ಹಾಕಿಕೊಂಡು ಗುಂಡಿಯ ಮೇಲೆ ಬೆರಳಿಟ್ಟರು. ಅಲ್ಲಿಯವರೆಗೆ ತಮಾಷೆ ಮಾಡುತ್ತಿದ್ದ ನನಗೆ ಆಗ ನಿಜವಾಗಿ ಪಾಪ ಅನ್ನಿಸಿತು. ಇವರು ಗೆಲ್ಲಲಿ ದೇವರೇ ಎಂದುಕೊಂಡೆ, ಮತ್ತು ಹೆದರಿ ಕಣ್ಣು ಮುಚ್ಚಿಬಿಟ್ಟೆ.

ಗುಂಡಿ ಒತ್ತಿದ ಸದ್ದು ಕೇಳಿತು. ಕಣ್ಣು ಬಿಟ್ಟರೆ ಕಪ್ಪು ಕತ್ತಲೆ. ಕರೆಂಟು ಹೋಗಿತ್ತು.

ದಾಟಿದರಾ ಎಂದು ನಾನೇ ಮೆಲ್ಲಗೆ ನಾದಿನಿಯನ್ನು ಕೇಳಿದೆ.

“ಅಣ್ಣ ಬೀಳುದನ್ನು ನೋಡ್ಲಿಕ್ಕೆ ನನಗೆ ಧೈರ್ಯ ಬರಲಿಲ್ಲ ಅತ್ತಿಗೆ. ಕಣ್ಣು ಮುಚ್ಚಿದೆ” ಎಂದಳು.

ಅತ್ತೆಯನ್ನು ಕೇಳಿದರೆ, ಕಣ್ಣು ಬಿಟ್ಟುಕೊಂಡು ಯಾರು ಪ್ರಾರ್ಥನೆ ಮಾಡ್ತಾರೆ ಎಂದು ನಮಗೇ ಗದರಿದರು. ಇನ್ನು ಉಳಿದದ್ದು ಆಡಿದವರೊಬ್ಬರೇ. ನಾವು ಮೂವರೂ ಕತ್ತಲೆಯಲ್ಲೇ ಅವರತ್ತ ತಿರುಗಿದೆವು.

“ನೀವು ಮೂರು ಜನ ನೋಡ್ತಾ ಇದ್ದೀರಲ್ಲ ಅಂತ,” ಎಂದರು ನನ್ನ ಗಂಡ, “ನಾನು ಕಣ್ಣು ಮುಚ್ಚಿಕೊಂಡೇ ಹಾರಿದ್ದು ಮಾರಾಯ್ತಿ.”