ಚಾರ್ಟಿನಲ್ಲಿ ಇಲ್ಲದ ಚಹಾ

ನಮ್ಮ ಆಫೀಸಿನಲ್ಲಿ ಎಷ್ಟೇ ಗಂಭೀರವಾಗಿ ಶುರು ಮಾಡಿದ ಕೆಲಸವೂ ನಗೆಯಲ್ಲೇ ಮುಗಿಯುತ್ತದೆ; ಇದೇನು ಇವತ್ತಿನದಲ್ಲ. ಪಂಪ್‌ಸೆಟ್ಟಿನ ಬಿಡಿಭಾಗ ಮಾರುವ ಕಂಪನಿ, ನಾನು ಅಲ್ಲಿ ಹೆಡ್ ಕ್ಲಾರ್ಕ್. ಆಫೀಸು ದೇಶಪಾಂಡೆ ನಗರದಿಂದ ಗೋಪನಕೊಪ್ಪದ ಹೊಸ ಕಟ್ಟಡಕ್ಕೆ ಹೋಗುವುದಿತ್ತು. ಮಾಲಕರು ನಮಗೆಲ್ಲ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಕಲಿಸಲು ಬೇರೆ ಊರಿಂದ ಒಬ್ಬ ಮೇಡಂ ಅವರನ್ನು ಕರೆಸಿ, ನನ್ನನ್ನು ಪ್ರಾಜೆಕ್ಟ್ ಮ್ಯಾನೇಜರ್ ಮಾಡಿದರು. ಮನೆಯಲ್ಲಿ ಹೆಮ್ಮೆಯಿಂದ ಹೇಳಿದರೆ ಹೆಂಡತಿ, "ಮೊದಲ ನಮ್ಮ ಅಟ್ಟ ಖಾಲಿ ಮಾಡ್ರಿ, ಮೂರು ದೀಪಾವಳಿ ಆತು" ಎಂದಳು.

೧. ಏನು ಕೆಡಬಹುದು?

ಕೆಲಸದಲ್ಲಿ ಏನೇನು ಕೆಡಬಹುದೆಂದು ಮೊದಲೇ ಬರೆದಿಡಬೇಕು, ಇದು ಮೊದಲ ಪಾಠ. ಹಾಳೆ ಹಂಚಿ ಹತ್ತು ನಿಮಿಷವಾದರೂ ಯಾರೂ ಪೆನ್ನು ತೆಗೆಯಲಿಲ್ಲ. ಸ್ಟೋರ್ ಕೀಪರ್ ಎದ್ದು ನಿಂತ. "ಹೊಸ ಜಾಗಾಕ್ಕ ಹೊಂಟೇವ್ರಿ ಮೇಡಂ. ಇಂಥಾ ಹೊತ್ತಿನ್ಯಾಗ ಕೆಟ್ಟದ್ದು ನುಡೀಬಾರದ್ರಿ."

"ನುಡೀಬೇಡಿ, ಬರೀರಿ" ಎಂದರು ಮೇಡಂ.

ಆತ ಹಾಳೆಯ ನೆತ್ತಿಗೆ 'ಶ್ರೀ' ಹಾಕಿ ಕೆಳಗೆ ಒಂದೇ ಸಾಲು ಬರೆದ: 'ಎಲ್ಲಾ ಛಲೋ ಆಗ್ತದ.' ಉಳಿದವರೆಲ್ಲ ಅದನ್ನೇ ನಕಲು ಹೊಡೆದರು.

೨. ಹಸಿರು ಬಣ್ಣ

ಗೋಡೆಗೆ ದೊಡ್ಡ ಚಾರ್ಟು ಬಂತು. ಯಾವ ಕೆಲಸ, ಯಾರದು, ಮುಗಿದರೆ ಹಸಿರು. ಮೇಡಂ ಒಬ್ಬೊಬ್ಬರನ್ನೇ ಕೇಳಿದರು.

"ಕಪಾಟು?"

"ಆತಂತ ತಿಳ್ಕೋರಿ."

"ಫೈಲು?"

"ಅದೂ ಆತಂತ ತಿಳ್ಕೋರಿ."

ನಮ್ಮ ಕಡೆ ಹಾಗೆಂದರೆ ಇನ್ನೂ ಮುಟ್ಟಿಲ್ಲ, ಮತ್ತೆ ಕೇಳಬೇಡಿ ಎಂದರ್ಥ. ಮೇಡಂಗೆ ಹೇಗೆ ಗೊತ್ತಾಗಬೇಕು? ಸಂಜೆಯೊಳಗೆ ಚಾರ್ಟು ಪೂರ್ತಿ ಹಸಿರಾಯಿತು. ಅದರ ಕೆಳಗೇ ಕಪಾಟುಗಳು ಇದ್ದಲ್ಲೇ ಇದ್ದವು.

೩. ಅಕ್ಕನ ಪ್ರಶ್ನೆ

ನಮ್ಮ ಮೆಟ್ಟಿಲ ಕೆಳಗೆ ಒಲೆ ಹೂಡಿ ವರ್ಷಗಟ್ಟಲೆಯಿಂದ ಚಹಾ ಮಾಡುವ ಅಕ್ಕ ಒಬ್ಬರಿದ್ದಾರೆ. ಆ ದುಡಿಮೆಯಲ್ಲೇ ಮಗಳನ್ನು ಸತ್ತೂರಿನಲ್ಲಿ ನರ್ಸಿಂಗ್ ಓದಿಸುತ್ತಿದ್ದಾರೆ. ಒಂದು ದಿನ ಕಪ್ಪು ಇಡುತ್ತ, "ಸರ್ರ, ಈ ಚಾರ್ಟಿನ್ಯಾಗ ನಂದೆಲ್ಲೈತ್ರಿ?" ಎಂದು ಕೇಳಿದರು.

ಹುಡುಕಿದೆ. ಕ್ಯಾಲೆಂಡರಿನ ಮೊಳೆಗೂ ಒಂದು ಸಾಲಿತ್ತು, ಅಕ್ಕನಿಗಿರಲಿಲ್ಲ. ಹೊಸ ಕಟ್ಟಡಕ್ಕೆ ಗುಂಡಿ ಒತ್ತಿದರೆ ಚಹಾ ಸುರಿಯುವ ಮಷಿನ್ ತರುವುದೆಂದು ಮಾಲಕರು ಆಗಲೇ ಹೇಳಿದ್ದರು. ನನಗೆ ನಿಜಕ್ಕೂ ನಾಚಿಕೆಯಾಯಿತು. "ನೋಡೋಣ್ರಿ ಅಕ್ಕಾರ" ಎಂದೆ.

"ನೀವು ನೋಡೋಣ ಅಂದ್ರ ಏನಂತ ನನಗ ಗೊತ್ತದ ಬಿಡ್ರಿ" ಎಂದು ಹೊರಟೇಬಿಟ್ಟರು.

೪. ಬಾಣಗಳು

ವಾರ ಕಳೆದರೂ ಒಂದು ಕುರ್ಚಿ ಕದಲಲಿಲ್ಲ. ಮೇಡಂ ಹೊಸ ಹಾಳೆ ಹಚ್ಚಿದರು. "ನಿಮ್ಮ ಕೆಲಸಕ್ಕಿಂತ ಮೊದಲು ಏನಾಗಬೇಕು, ಅದನ್ನು ಹೇಳಿ."

"ಚಹಾರಿ" ಎಂದ ಸ್ಟೋರ್ ಕೀಪರ್. ಫೈಲಿನವರೂ ಅದನ್ನೇ ಹೇಳಿದರು, ಕಪಾಟು ಹೊರುವವರೂ ಅದನ್ನೇ. ಮೇಡಂ ಬಾಣ ಎಳೆಯುತ್ತ ಹೋದರು. ಕೊನೆಗೆ ನೋಡಿದರೆ ಎಲ್ಲ ಬಾಣಗಳೂ ಒಂದೇ ಚೌಕದಿಂದ ಹೊರಟಿದ್ದವು: ಚಹಾ.

ನಾನು ಬಿಡುತ್ತೇನೆಯೇ? ಮಾಲಕರನ್ನು ಕರೆತಂದು ತೋರಿಸಿದೆ. "ಚಹಾ ಮೊದಲ ಹೋಗಬೇಕ್ರಿ ಸರ್. ಇಲ್ಲಾಂದ್ರ ಏನೂ ಹೋಗಂಗಿಲ್ಲ."

ಮಾಲಕರು ನಕ್ಕುಬಿಟ್ಟರು. "ಮಷಿನ್ ಬ್ಯಾಡ. ಅಕ್ಕಗ ಅಲ್ಲೊಂದು ಖೋಲಿ ಕೊಡ್ರಿ." ಆಮೇಲೆ ಖಾಲಿ ಕಪ್ಪು ಒಯ್ಯಲು ಬಂದಿದ್ದ ಅಕ್ಕನ ಕಡೆ ತಿರುಗಿ, "ಅಲ್ಲಿ ಒಲಿ ಹೂಡಾಕ ಎಷ್ಟು ದಿನ ಬೇಕವ್ವಾ?" ಎಂದರು.

"ಆತಂತ ತಿಳ್ಕೋರಿ ಸಾಹೇಬ್ರ."

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಮರುದಿನ ಅಕ್ಕನಿಗೆ ಕೋಣೆ ನೋಡಲು ಮಾಲಕರ ಜೊತೆ ಗೋಪನಕೊಪ್ಪಕ್ಕೆ ಹೋದೆ. ಬಾಗಿಲಲ್ಲೇ ಶುಂಠಿಯ ವಾಸನೆ. ಒಳಗೆ ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು, ತೊಳೆದ ಕಪ್ಪುಗಳು ಸಾಲಾಗಿ ಬೋರಲು ಕೂತಿದ್ದವು. ಮೂರು ದಿನದ ಹಿಂದೆಯೇ ಅಕ್ಕ ಕಾವಲುಗಾರನಿಗೆ ಚಹಾ ಕುಡಿಸಿ ಬೀಗ ತೆಗೆಸಿ, ಮನೆಯ ಒಲೆಯನ್ನು ಇಲ್ಲಿ ತಂದು ಹೂಡಿದ್ದರಂತೆ.

"ಇಷ್ಟು ಲಗೂ ಹೆಂಗ ಮುಗಿಸಿದಿಯವ್ವಾ?" ಎಂದರು ಮಾಲಕರು.

ಅಕ್ಕ ಚಹಾ ಸೋಸುತ್ತ ಹೇಳಿದರು: "ನಂದು ಚಾರ್ಟಿನ್ಯಾಗ ಇರಲಿಲ್ಲಲ್ರಿ, ಅದಕ್ಕ."