ಐದ್ನೂರು ರೊಟ್ಟಿ, ಒಂದೇ ಕೈ

ಉಪಕಾರ ಮಾಡೋರು ಜಾಸ್ತಿ ಆದ್ರ ಬದುಕೋದು ಎಷ್ಟು ತ್ರಾಸ ಅನ್ನೋದು ನಮ್ಮ ಗಾಜಿಪುರದ ಓಣ್ಯಾಗ ಇದ್ದೋರಿಗೇ ಗೊತ್ತು. ಇಲ್ಲಿ ದಿನಾ ಒಂದಿಲ್ಲೊಂದು ನಡೀತಿರ್ತದ. ನನ್ನ ಪಾಲಿಂದು ಮಾತ್ರ ಮೂರೇ ದಿನದಾಗ ಎಲ್ಲಾ ಬಂತು.

ನಮ್ಮವರು ಕೆಲಸ ಮಾಡ್ತಿದ್ದ ಬ್ಯಾಳಿ ಮಿಲ್ಲು ಮುಚ್ಚಿದ ಮ್ಯಾಗ ಮನಿ ನಡೀತಿದ್ದುದು ನನ್ನ ಕಡಕ್ ರೊಟ್ಟಿ ಮ್ಯಾಗ. ಗಿರಾಕಿ ಅಂದ್ರ ಒಬ್ಬರೇ, ಕಮಲಾಪುರದ ಖಾನಾವಳಿ ಸಾವಕಾರರು. ವಾರಕ್ಕ ಐದ್ನೂರು. "ಒಂದು ಐತವಾರ ತಪ್ಪಿದ್ರೂ ಮಷೀನ್ ರೊಟ್ಟಿ ತರಸ್ತೀನಿ" ಅಂತ ಮೊದಲೇ ಹೇಳಿದ್ರು. ಅಂಥಾದ್ರಾಗ ಶುಕ್ರವಾರ ಮುಂಜಾನೆ ಬಚ್ಚಲದಾಗ ಜಾರಿ ಬಿದ್ದು ಬಲಗೈ ಮುರಕೊಂಡೆ. ದವಾಖಾನಿಗೆ ಹೋಗೋಮುಂದ ಒಂದೇ ಸಮಾಧಾನ: ಐದ್ನೂರು ರೊಟ್ಟಿ ಬಡದು ಬುಟ್ಟ್ಯಾಗ ಹಚ್ಚಿಟ್ಟಿದ್ದೆ.

ಬುಟ್ಟಿ ಖಾಲಿ

ಸಂಜಿಗೆ ಪ್ಲಾಸ್ಟರ್ ಹಾಕಿಸ್ಕೊಂಡು ಬಂದ್ರ ಬುಟ್ಟ್ಯಾಗ ಒಂದು ರೊಟ್ಟೀನೂ ಇಲ್ಲ! ಬಾಜೂಮನಿ ಆಯಿ ನಕ್ಕೋತ ಬಂದಳು.

"ಚಿಂತಿ ಮಾಡಬ್ಯಾಡವ್ವಾ. ನಿನ್ನ ಕೈ ಮುರೀತಂತ ಇಡೀ ಓಣಿ ಬಂದು ಎಲ್ಲಾ ಖರೀದಿ ಮಾಡ್ಯಾರ. ರೊಕ್ಕ ನಾನೇ ಇಸ್ಕೊಂಡೀನಿ, ತಗೋ."

"ಆಯೀ, ಅವು ಕಮಲಾಪುರಕ್ಕ ಕಳಸೋವು!"

ತಮ್ಮ ಮನ್ಯಾಗ ದಿನಾ ರೊಟ್ಟಿ ಬಡಿಯೋ ಮಂದಿ ಇವರು! ವಾಪಸ್ ಕೇಳೋಣಂದ್ರ ಅರ್ಧ ತಿಂದಾರ, ಅರ್ಧ ಕೋಟನೂರದ ಬೀಗರಿಗೆ ಕಳಸ್ಯಾರ. ಸಿಟ್ಟು ಬಂತು, ಅಳೂ ಬಂತು. ರಾತ್ರಿ ಊಟಕ್ಕ ಮತ್ತ ಉಪಕಾರ. "ಕೈ ಮುರದಾಕಿ ಪಾಪ, ಏನ್ ಅಡಗಿ ಮಾಡ್ತಾಳ" ಅಂತ ನಾಕು ಮನಿಯಿಂದ ತಾಟು ಬಂದವು. ತಗದು ನೋಡಿದ್ರ ನಾಕರಾಗೂ ನನ್ನವೇ ರೊಟ್ಟಿ. ಎಣಿಸಿದೆ, ಹನ್ನೆರಡು ಇದ್ದವು. ಇನ್ನ ನಾಕನೂರಾ ಎಂಬತ್ತೆಂಟಷ್ಟೇ ಬೇಕಿತ್ತು.

ಕಟಿಂಗ್

ಶನಿವಾರ ಮುಂಜಾನೆ ಓಣಿ ಹೆಣ್ಮಕ್ಕಳು ಹಂಚು, ಹಿಟ್ಟು ಹೊತ್ಕೊಂಡು ಬಂದ್ರು. ಮೊದಲು ನನ್ನ ಜೋಡಿ ಹಪ್ಪಳ ಮಾಡ್ತಿದ್ದ ಖಾಲಾ ಸುದ್ದಿ ಕೇಳಿ ಮೋಮಿನಪುರದಿಂದ ಓಡಿ ಬಂದ್ರು. ಒಬ್ಬೊಬ್ಬರದು ಒಂದೊಂದು ಅಳತಿ. ಖಾಲಾನವು ತೆಳುವಾಗಿ ಹಾಳಿಯಂಗ, ಆಯಿವು ಬಂಡಿ ಗಾಲಿಯಂಗ. ನಾನು ಕುರ್ಚಿ ಮ್ಯಾಲ ಕುಂತು ಒದರಿದ್ದೇ ಒದರಿದ್ದು: "ಎಲ್ಲಾ ಒಂದೇ ಅಳತಿ ಇರ್ಬೇಕ್ರವ್ವಾ! ಸಾವಕಾರರು ಒಂದೊಂದೇ ನೋಡ್ತಾರ!"

ಎದುರುಮನಿ ಟೀಚರು ಸುಮ್ನ ಒಳಗ ಹೋದ್ರು. ತಡಾ ಆಯ್ತಲ್ಲ ಅಂತ ಹೋಗಿ ನೋಡಿದ್ರ, ಬಿಸಿ ರೊಟ್ಟಿ ಮ್ಯಾಲ ತಾಟು ಇಟ್ಟು, ಕತ್ತರೀಲೆ ಸುತ್ತಲೂ ಕತ್ತರಸ್ಲತ್ತಾರ!

"ಟೀಚರ್, ರೊಟ್ಟಿಗಿ ಯಾರಾದ್ರೂ ಕಟಿಂಗ್ ಮಾಡ್ತಾರೇನ್ರಿ?"

ಅವರು ಬಾಯಿ ತೆಗಿಯೋದ್ರಾಗ ಆಯಿ ಅಂದಳು, "ಮಾಡ್ಲಿ ಬಿಡವ್ವಾ. ಪರ ಊರಿಗೆ ಹೊಂಟಾವ, ಗಡ್ಡ ಬಿಟ್ಕೊಂಡು ಹ್ಯಾಂಗ ಹೋಗ್ತಾವ?"

ಸಾವಕಾರರ ಮುಂದ

ಐತವಾರ ಒಬ್ಬೊಬ್ಬರ ರೊಟ್ಟಿ ಒಂದೊಂದು ಗಂಟು ಕಟ್ಟಿ, ಖಾಲಾನ ಕರಕೊಂಡು ಬಸ್ಸಿಗೆ ಕಮಲಾಪುರಕ್ಕ ಹೋದೆ. ಸಾವಕಾರರು ಒಂದೊಂದು ಗಂಟಿನಿಂದ ಒಂದೊಂದು ರೊಟ್ಟಿ ತಗದು, ಕಟಕ್ಕಂತ ಮುರದು, ಬಾಯಾಗ ಹಾಕ್ಕೊಂಡ್ರು. ಆಯಿದು ತಿಂದು ಗಂಟು ಬಾಜೂಕ ಸರಿಸಿದ್ರು. ಕಟಿಂಗ್ ಆಗಿದ್ದು ನೋಡಿ ಹುಬ್ಬು ಏರಿಸಿದ್ರು. ಖಾಲಾಂದು ತಿಂದು ಮತ್ತೊಂದು ತಗೊಂಡ್ರು.

"ಇವು ಯಾರು ಬಡದಾರ? ಇಷ್ಟು ದಿವ್ಸ ನೀವು ಕಳಿಸಿದವು ಇವುಗಳ ಮುಂದ ಏನೂ ಅಲ್ಲ ಬಿಡ್ರಿ."

ಇದ್ದ ಒಬ್ಬ ಗಿರಾಕಿ ಹೋಗೇಬಿಟ್ಟ ಅನಕೊಂಡೆ, ಅದೂ ನನ್ನ ಸಹಾಯಕ್ಕ ಬಂದೋರ ಕಡಿಗೆ. ಖಾಲಾನ ಮನ್ಯಾಗೂ ಅಷ್ಟೇ ಅಡಚಣಿ ಇತ್ತು. ಅವರು "ನಾನು" ಅಂದಿದ್ರೂ ನನಗ ಸಿಟ್ಟಾಗೋ ಹಕ್ಕಿರಲಿಲ್ಲ.

ಖಾಲಾ ನನ್ನ ಕಡಿಗೆ ಬಟ್ಟು ತೋರಿಸಿದ್ರು. "ಇಕೀನೇ ಬಡದಾಳ್ರಿ."

ಸಾವಕಾರರು ನನ್ನ ಪ್ಲಾಸ್ಟರ್ ನೋಡಿದ್ರು. "ಈ ಕೈಲೆ?"

"ಹೌದ್ರಿ. ಕೈ ಮುರದ ಮ್ಯಾಗ ಇನ್ನೂ ಛಲೋ ಬಡೀಲತ್ತಾಳ."

ಸಾವಕಾರರು ಖಾಲಾನ ಮಾರಿ ನೋಡಿದ್ರು, ನನ್ನ ಮಾರಿ ನೋಡಿದ್ರು, ಖಾಲಾನ ಮೂರನೇ ರೊಟ್ಟಿ ಮುರದ್ರು.

"ಹಂಗಾದ್ರ ಆ ಡಾಕ್ಟರಿಗೆ ಹೇಳ್ರಿ, ಪ್ಲಾಸ್ಟರ್ ಬಿಚ್ಚೋದು ಬ್ಯಾಡ ಅಂತ. ಮುಂದಿನ ಐತವಾರ ಸಾವಿರ ರೊಟ್ಟಿ ಬೇಕು."