ಏನೂ ಇಲ್ಲದಲ್ಲಿ ಇಟ್ಟ ಚುಕ್ಕಿ

ಫೋನ್ ಕಂಪೆನಿಯ ಸರ್ವೀಸ್ ಕೌಂಟರಿನಲ್ಲಿ ಕೂತವನು ನಗಲಿಕ್ಕೆ ಬೇರೆ ಕಡೆ ಹೋಗಬೇಕಾಗಿಲ್ಲ, ನಗು ತಾನಾಗಿಯೇ ರಿಪೇರಿಗೆ ಬರುತ್ತದೆ. ಉಡುಪಿ ಬಸ್‌ಸ್ಟ್ಯಾಂಡಿನ ಹತ್ತಿರ ಅಂಥದ್ದೊಂದು ಕೌಂಟರಿನಲ್ಲಿ ನಾನು ಹಲವು ವರ್ಷ ಕೂತಿದ್ದೆ. ಬಾವಿಗೆ ಬಿದ್ದ ಫೋನು, ಮೀನಿನ ಸಾರಿಗೆ ಬಿದ್ದ ಫೋನು ಎಲ್ಲ ನೋಡಿದ್ದೇನೆ. ಆದರೆ ನಿಜವಾದ ಮಜಾ ಶುರುವಾದದ್ದು ಕಂಪೆನಿಗೆ ಮ್ಯಾಪಿನ ಹುಚ್ಚು ಹಿಡಿದ ಮೇಲೆ.

೧. ಹೊಸ ಪಾಠ

ಎರಡು ಸಾವಿರದ ದಶಕ ಮುಗಿಯುತ್ತಾ ಬಂದಿತ್ತು. ಬೆಂಗಳೂರಿನ ಆಫೀಸರು ಮಣಿಪಾಲದ ಹೋಟೆಲೊಂದರಲ್ಲಿ ನಮ್ಮನ್ನೆಲ್ಲ ಕೂರಿಸಿ, "ಇನ್ನು ಫೋನ್ ಮುಖ್ಯವಲ್ಲ. ಗ್ರಾಹಕ ಎಲ್ಲಿದ್ದಾನೆ, ಎಲ್ಲಿಗೆ ಹೋಗುತ್ತಾನೆ, ಅದು ಮುಖ್ಯ" ಎಂದರು. ಗ್ರಾಹಕರು ತಮ್ಮ ಇಷ್ಟದ ಜಾಗದ ಮೇಲೆ ಫೋನಿನಲ್ಲೇ ಒಂದು ಚುಕ್ಕಿ ಇಡಬೇಕು, ಅದು ಕಂಪೆನಿಯ ಮ್ಯಾಪಿಗೆ ಸೇರಿ ಎಲ್ಲರಿಗೂ ಕಾಣಬೇಕು, ಹಾಗೆ ಇಡಲು ಕಲಿಸುವುದು ನಮ್ಮ ಕೆಲಸ. ಚುಕ್ಕಿ ಬೀಳದ ಊರಿನ ಕೌಂಟರನ್ನು ಮುಚ್ಚಿ ಮಂಗಳೂರಿಗೆ ಸೇರಿಸುತ್ತಾರಂತೆ.

ಬಸ್ಸು ಹತ್ತಿದರೆ ಅರ್ಧ ದಾರಿಯ ಪಡುಬಿದ್ರಿ ಮುಟ್ಟುವ ಮೊದಲೇ ವಾಂತಿ ಮಾಡುವವನು ನಾನು. ದಿನಾ ಮಂಗಳೂರಿಗೆ ಹೋಗಿ ಬರುವುದೆಂದರೆ ಕೆಲಸ ಬಿಟ್ಟಂತೆಯೇ.

ಅಷ್ಟರಲ್ಲಿ ಪಕ್ಕದಲ್ಲಿದ್ದ ಕಾರ್ಕಳದ ಡೀಲರು ಎದ್ದು ನಿಂತರು. "ಸಾರ್, ನಮ್ಮಲ್ಲಿ ದಾರಿ ಕೇಳಿದರೆ ಜನ ಮನೆ ಬಾಗಿಲಿನವರೆಗೆ ಬಿಟ್ಟು, ಒಳಗೆ ಬಂದು ಚಾ ಕುಡಿದು, ಮಾತಾಡಿಕೊಂಡು ಹೋಗುತ್ತಾರೆ. ನಿಮ್ಮ ಫೋನ್ ಬಾಗಿಲಿನವರೆಗೆ ಮಾತ್ರ, ಅಲ್ವಾ?"

೨. ರಿಕ್ಷಾದೊಳಗಿನ ಹುಡುಗಿ

ಇನ್ನಂಜೆಯ ರಿಕ್ಷಾದವರೊಬ್ಬರು ನನ್ನ ಮಾತು ನಂಬಿ ದಾರಿ ಹೇಳುವ ಫೋನ್ ಕೊಂಡು ಹ್ಯಾಂಡಲಿನ ಹತ್ತಿರ ಕಟ್ಟಿಕೊಂಡರು. ವಾರದೊಳಗೆ ಅದನ್ನು ಬಿಚ್ಚಿಕೊಂಡು ಬಂದು ನನ್ನ ಮೇಜಿನ ಮೇಲೆ ಇಟ್ಟರು. ಆದದ್ದಿಷ್ಟು. ಅಜ್ಜಿಯೊಬ್ಬರನ್ನು ಕೂರಿಸಿಕೊಂಡು ಇವರು ತಮಗೆ ಗೊತ್ತಿದ್ದ ಒಳದಾರಿ ಹಿಡಿದಿದ್ದಾರೆ. ಫೋನಿಗೆ ಆ ದಾರಿ ಗೊತ್ತಿಲ್ಲ. ಅದರ ಹೆಣ್ಣುದನಿ ಇಂಗ್ಲಿಷಿನಲ್ಲಿ "ಹಿಂದೆ ತಿರುಗಿ, ಹಿಂದೆ ತಿರುಗಿ" ಎಂದು ಒಂದೇ ಸಮನೆ ಹೇಳತೊಡಗಿದೆ.

"ಯಾರು ಮಾರಾಯ ಆ ಹುಡುಗಿ? ಯಾವ ಮನೆಯವಳು?" ಎಂದು ಅಜ್ಜಿ ಕೇಳಿದ್ದಾರೆ. ಇವರು ವಿವರಿಸುವ ಗೋಜಿಗೆ ಹೋಗದೆ, "ಕಂಪೆನಿಯವಳು ಅಮ್ಮ" ಎಂದಿದ್ದಾರೆ.

"ಎಂತ ಹೇಳುತ್ತಾಳೆ?"

"ಹಿಂದೆ ತಿರುಗಿಸಬೇಕಂತೆ."

ಅಜ್ಜಿ ರಿಕ್ಷಾ ನಿಲ್ಲಿಸಿ, ಚೀಲ ಹಿಡಿದುಕೊಂಡು ಕೆಳಗಿಳಿದರು. "ಪಾಪ, ಎಂತದೋ ಮರೆತು ಬಂದಿರಬೇಕು. ನೀನು ಮೊದಲು ಅವಳನ್ನು ಬಿಟ್ಟು ಬಾ. ನಾನು ಈ ಮರದ ಕೆಳಗೆ ಕೂತಿರುತ್ತೇನೆ."

೩. ಊರು ಕಾಣೆ

ಮಣಿಪಾಲದ ಕಟ್ಟಡಗಳಲ್ಲಿ ಗಾರೆ ಕೆಲಸ ಮಾಡುವ ಬಾಗಲಕೋಟೆ ಕಡೆಯ ಮೇಸ್ತ್ರಿಯೊಬ್ಬರು ಚಾರ್ಜರ್ ರಿಪೇರಿಗೆ ಬಂದಿದ್ದರು. ಒಳ್ಳೆಯ ಮನುಷ್ಯ. ಇಷ್ಟದ ಜಾಗಕ್ಕೆ ಚುಕ್ಕಿ ಇಡಿ ಎಂದ ಕೂಡಲೇ, "ನಮ್ಮೂರಿಗೇ ಇಡ್ರಿ" ಎಂದರು. ನಾನು ಹುಡುಕಿದೆ. ಊರು ಇರಬೇಕಾದ ಕಡೆ ಪರದೆಯ ಮೇಲೆ ಬರೀ ಹಸಿರು ಬಣ್ಣ.

"ನಿಮ್ಮ ಊರು ಇಲ್ಲವಲ್ಲ" ಎಂದೆ.

"ಇಲ್ಲಂದ್ರ ಹ್ಯಾಂಗ್ರೀ? ಯುಗಾದಿಗೆ ಹೋದಾಗ ಇತ್ತಲ್ರೀ" ಎಂದು ಅವರು ಗಾಬರಿಯಾಗಿ ಫೋನ್ ಕಸಿದುಕೊಂಡರು. ಅಲ್ಲೇ ನಿಂತು ಮನೆಗೆ ಫೋನ್ ಹಚ್ಚಿ, ಆಡು, ಎಮ್ಮೆ, ಮಕ್ಕಳು ಎಲ್ಲರನ್ನೂ ವಿಚಾರಿಸಿದರು. ಆಮೇಲೆ ನಿಟ್ಟುಸಿರು ಬಿಟ್ಟು ಫೋನನ್ನು ನನ್ನ ಕೈಗೆ ಕೊಟ್ಟರು. "ಐತಂತ್ರೀ. ನಿಮ್ಮ ಕಂಪನಿಯವರಿಗೆ ಹೇಳಿಬಿಡ್ರಿ."

೪. ಕಾಪುವಿನ ಗುಟ್ಟು

ಇಷ್ಟಾದರೂ ಚುಕ್ಕಿ ಬಿದ್ದದ್ದು ಬೆರಳೆಣಿಕೆಯಷ್ಟು. ಮಂಗಳೂರು ಬಸ್ಸಿನ ಹಾರ್ನ್ ಕೇಳಿದರೇ ನಾನು ಕೌಂಟರಿನ ಒಳಗೆ ಸರಿದು ಕೂರುತ್ತಿದ್ದೆ. ಆಗ ಕಾಪುವಿನಲ್ಲಿ ಮೀನಿನ ದೋಣಿ ನಡೆಸುವ ತಂಡೇಲರೊಬ್ಬರು ಬ್ಯಾಟರಿ ಬದಲಿಸಲು ಬಂದರು. ನಾನು ಮ್ಯಾಪಿನ ಕತೆ ಹೇಳಿದೆ.

"ನಾವು ಇಟ್ಟದ್ದು ಬೇರೆ ದೋಣಿಯವರಿಗೂ ಕಾಣುತ್ತದಾ?"

"ಎಲ್ಲರಿಗೂ ಕಾಣುತ್ತದೆ" ಎಂದೆ, ಇವರೂ ಕೈಬಿಟ್ಟರು ಅಂದುಕೊಂಡು. ಯಾಕೆಂದರೆ ಮೀನು ಸಿಕ್ಕಿದ ಜಾಗವನ್ನು ತಂಡೇಲರು ಹೆಂಡತಿಗೂ ಹೇಳುವುದಿಲ್ಲ. ಆದರೆ ಅವರ ಮುಖ ಅರಳಿತು. ಫೋನ್ ಈಸಿಕೊಂಡು, ಕಾಪುವಿನ ದೀಪಸ್ತಂಭಕ್ಕೆ ನೇರ ಪಡುವಣ ಕಡಲಿನಲ್ಲಿ ಒಂದು ಚುಕ್ಕಿ ಇಟ್ಟರು. ಮರುದಿನದಿಂದ ಕಾಪುವಿನ ತಂಡೇಲರೆಲ್ಲ ಒಬ್ಬೊಬ್ಬರಾಗಿ ಬಂದು ಅಲ್ಲಿಯೇ ಚುಕ್ಕಿ ಇಟ್ಟು ಹೋದರು. ನನಗೆ ಪರಮಾನಂದ.

ಆಫೀಸರು ಫೋನ್ ಮಾಡಿದರು. "ಇಡೀ ಕರಾವಳಿಯಲ್ಲಿ ಇಷ್ಟು ಚುಕ್ಕಿ ಎಲ್ಲೂ ಇಲ್ಲ. ಏನಿದೆ ಅಲ್ಲಿ?"

"ಸಮುದ್ರ ಉಂಟು ಸಾರ್."

"ನಾನೇ ಬಂದು ನೋಡುತ್ತೇನೆ. ನಿಮ್ಮ ಕೌಂಟರಿನ ವಿಷಯ ಆಮೇಲೆ."

ಬಂದರು. ಮೊದಲ ಚುಕ್ಕಿಯ ತಂಡೇಲರ ದೋಣಿಯಲ್ಲೇ ಹೊರಟೆವು. ಬೂಟು ಹಾಕಿದ್ದ ಆಫೀಸರು ಒಂದು ಕಡೆ ವಾಂತಿ ಮಾಡಿದರು, ನಾನು ಇನ್ನೊಂದು ಕಡೆ ಮಾಡಿದೆ. ಕೊನೆಗೆ ಫೋನಿನ ಹುಡುಗಿ, ನೀವು ಸೇರಬೇಕಾದ ಸ್ಥಳ ಸೇರಿದ್ದೀರಿ ಎಂದಳು. ಸುತ್ತ ನೀರು ಬಿಟ್ಟರೆ ಒಂದು ಹಕ್ಕಿಯೂ ಇರಲಿಲ್ಲ.

"ಇಲ್ಲಿ ಏನಿದೆ?" ಎಂದರು ಆಫೀಸರು.

"ಎಂತ ಸಹ ಇಲ್ಲ ಸಾರ್. ಬಲೆ ಹಾಕಿದರೆ ಬರೀ ಕೆಸರು" ಎಂದರು ತಂಡೇಲರು ಸಮಾಧಾನದಿಂದ. "ಅದಕ್ಕೇ ಇಲ್ಲಿ ಇಟ್ಟದ್ದು. ಹೊರಗಿನ ದೋಣಿಗಳು ನೋಡಿ ಇಲ್ಲಿಗೇ ಬರಲಿ ಅಂತ."

ಆಫೀಸರು ದೋಣಿ ತಿರುಗಿಸಲು ಹೇಳಿದರು. ನನ್ನ ಕೌಂಟರು ಮುಳುಗಿತು ಎಂದು ನಾನು ಆ ರಾತ್ರಿ ಊಟವನ್ನೂ ಮಾಡಲಿಲ್ಲ.

ಬೆಳಿಗ್ಗೆ ಬೆಂಗಳೂರಿಗೆ ಹೊರಡುವ ಮೊದಲು ಅವರಿಗೆ ದೀಪಸ್ತಂಭ ನೋಡುವ ಆಸೆಯಾಯಿತು. ಬಂಡೆ ಹತ್ತಿ ನಿಂತವರು ಒಮ್ಮೆ ಕಡಲು ನೋಡಿದರು, ಒಮ್ಮೆ ಫೋನ್ ನೋಡಿದರು. ಕಾಪುವಿನ ಅಷ್ಟೂ ದೋಣಿಗಳು ಹೋಗಿ ಆ ಚುಕ್ಕಿಯ ಜಾಗದಲ್ಲೇ ಬಲೆ ಬೀಸಿ ನಿಂತಿದ್ದವು. "ಆ ಮನುಷ್ಯ ನಮಗೆ ಸುಳ್ಳು ಹೇಳಿದ್ದು. ಮ್ಯಾಪ್ ಸರಿಯಾಗಿಯೇ ಇದೆ" ಎಂದರು ಆಫೀಸರು ನನ್ನ ಬೆನ್ನು ತಟ್ಟಿ. "ಕೌಂಟರ್ ಇಲ್ಲೇ ಇರಲಿ."

ಸಂಜೆ ತಂಡೇಲರು ಖಾಲಿ ಬಲೆಯಿಂದ ಕೆಸರು ತೊಳೆಯುತ್ತಿದ್ದರು. "ಬೇರೆಯವರು ಹೋದದ್ದು ಇರಲಿ, ಸುಳ್ಳು ಚುಕ್ಕಿ ಮೊದಲು ಇಟ್ಟದ್ದೇ ನೀವು. ನೀವು ಎಂತಕ್ಕೆ ಹೋದದ್ದು?" ಎಂದು ಕೇಳಿದೆ.

ಅವರು ಆಚೀಚೆ ನೋಡಿ ದನಿ ತಗ್ಗಿಸಿದರು. "ಸುಳ್ಳು ಅಂತ ನನಗೆ ಗೊತ್ತುಂಟು. ಆದರೆ ಅಷ್ಟು ದೊಡ್ಡ ಕಂಪೆನಿಯವರು ಬೆಂಗಳೂರಿನಿಂದ ಬಂದು, ದಾರಿಯುದ್ದ ವಾಂತಿ ಮಾಡಿ ನೋಡಿ ಹೋಗಿದ್ದಾರೆ ಅಂದರೆ, ಅಲ್ಲಿ ಎಂತದೋ ಇರಲೇಬೇಕಲ್ಲ ಮಾರಾಯ."